ಮುಂದಿನ ಗಾಲಿಗೆ ಮತ್ತೆ ಜೀವ

ಕಬ್ಬು ಕಡಿಯುವ ಹಂಗಾಮಿನಲ್ಲಿ ರಾತ್ರಿ ಒಂದು ಅಡ್ಡಮಳೆ ಬಿದ್ದರೆ ಸಾಕು, ಮೂಡಲಗಿ ಕಡೆಯ ಎರೆ ಹೊಲಗಳ ದಾರಿ ಬೆಳಗಾಗುವುದರೊಳಗೆ ಕರಿ ರಾಡಿಯಾಗಿರುತ್ತದೆ. ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಸಮೇತ ಡಾಂಬರು ರಸ್ತೆಯ ಅಂಚಿಗೇ ನಿಂತುಬಿಡುತ್ತವೆ. ಕಡಿಯುವ ಗ್ಯಾಂಗಿನವರ ಬುತ್ತಿ, ನೀರಿನ ಕ್ಯಾನು, ರಿಪೇರಿಯಾಗಿ ಬಂದ ಪಂಪ್‌ಸೆಟ್ ಮೋಟಾರು ಹೇರಿಕೊಂಡು ಒಳಗೆ ಹೊರಟ ಹೊಸ ಪಿಕಪ್ ಐವತ್ತು ಮಾರು ಹೋಗುವುದರೊಳಗೆ ಹಿಂದಿನ ಗಾಲಿ ಗಿರಗಿರ ತಿರುಗಿಸುತ್ತ ಹುದುಲಿಗೆ ಇಳಿಯುತ್ತದೆ. ಚಾಲಕ ಆಕ್ಸಲರೇಟರ್ ಒತ್ತಿದಷ್ಟೂ ಗಾಲಿ ತನ್ನ ಕುಣಿಯನ್ನು ತಾನೇ ಆಳ ಮಾಡಿಕೊಳ್ಳುತ್ತದೆ.

ಅಷ್ಟರಲ್ಲಿ ಊರ ಕಡೆಯಿಂದ ಇನ್ನೊಂದು ಗಾಡಿ ಬರುತ್ತದೆ. ಬಾನೆಟ್ಟಿಗೆ ಒಂದು ಬಣ್ಣ, ಬಾಗಿಲಿಗೆ ಇನ್ನೊಂದು, ಸರಕು ಹೇರುವ ಹಿಂದಿನ ಡಾಲಾ ಊರ ವೆಲ್ಡಿಂಗ್ ಅಂಗಡಿಯದು. ಹಳೆಯ ಮಹೀಂದ್ರಾ. ರಾಡಿ ಶುರುವಾಗುವ ಮುಂಚೆಯೇ ಚಾಲಕ ನಿಲ್ಲಿಸಿ ಗೇರಿನ ಪಕ್ಕದ ಗಿಡ್ಡ ಲಿವರನ್ನು ಎಳೆಯುತ್ತಾನೆ. ಗಾಡಿ ಅವಸರ ಮಾಡುವುದಿಲ್ಲ. ಎತ್ತು ನಡೆದಷ್ಟೇ ವೇಗದಲ್ಲಿ, ನಾಲ್ಕೂ ಗಾಲಿ ಮಣ್ಣು ಕಚ್ಚುತ್ತ, ಸಿಕ್ಕಿಬಿದ್ದ ಪಿಕಪ್ಪಿನ ಬದಿಯಿಂದ ದಾಟಿ ಹೋಗುತ್ತದೆ.

‘ಫೋರ್ ವೀಲ್’ ಎಂಬ ಮಾತು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ಯಾವ ಊರಿನಲ್ಲೂ ಹೊಸದಲ್ಲ. ಆದರೆ ಆ ಗಿಡ್ಡ ಲಿವರ್ ಎಳೆದಾಗ ಒಳಗೆ ಏನಾಗುತ್ತದೆ, ಹಳೆಯ ಗಾಡಿಗಳಲ್ಲಿ ಅದು ಬಹಳ ಸಲ ಯಾಕೆ ಸತ್ತುಹೋಗಿರುತ್ತದೆ, ಅದಕ್ಕೆ ಮತ್ತೆ ಜೀವ ತುಂಬಲು ಏನು ಬೇಕು ಎಂಬುದು ಗ್ಯಾರೇಜಿನ ಒಳಗಿನವರಿಗಷ್ಟೇ ಗೊತ್ತಿರುವ ವಿದ್ಯೆಯಾಗಿ ಉಳಿದಿದೆ.

ಕರಿ ಮಣ್ಣು, ಕಲ್ಲುಗುಡ್ಡ

ಈ ಮೂರು ತಾಲೂಕುಗಳ ನೆಲ ಒಂದೇ ಬಗೆಯದಲ್ಲ. ಗೋಕಾಕದ ಸುತ್ತ ಮರಳುಗಲ್ಲಿನ ಗುಡ್ಡಗಳು. ಘಟಪ್ರಭೆ 52 ಮೀಟರ್ ಕೆಳಗೆ ಧುಮುಕುವುದು ಇದೇ ಕಲ್ಲಿನ ಮೇಲಿಂದ. ಯೋಗಿಕೊಳ್ಳ, ಗೊಡಚಿನಮಲ್ಕಿ ಕಡೆಯ ಗುಡ್ಡದ ದಾರಿಗಳಲ್ಲಿ ಗುಂಡುಕಲ್ಲು, ಸಡಿಲ ಗರಸು. ಮೂಡಲಗಿಯತ್ತ ಇಳಿದರೆ ಕಾಲುವೆ ನೀರುಣ್ಣುವ ಎರೆ ಭೂಮಿ. ಒದ್ದೆಯಾದರೆ ಉಬ್ಬಿ ಅಂಟುವ, ಒಣಗಿದರೆ ಅಂಗೈಯಗಲ ಬಿರಿಯುವ ಮಣ್ಣು. ಧೂಪದಾಳದ ಅಣೆಕಟ್ಟೆ 1897ರ ಕಾಲದ್ದು, ಅದರ ಮೇಲುಗಡೆ ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯ. ನೀರು ಬಂದಲ್ಲೆಲ್ಲ ಕಬ್ಬು ಬಂತು, ಕಬ್ಬು ಬಂದಲ್ಲೆಲ್ಲ ವರ್ಷದ ಬಹುಪಾಲು ಹಸಿಯಾಗಿರುವ ಹೊಲದ ದಾರಿಗಳೂ ಬಂದವು.

ಮಲೆನಾಡಿನಲ್ಲಿ ಜೀಪಿನ ಕೆಲಸ ಏರು ಹತ್ತುವುದು. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಪ್ರವಾಸಿಗರನ್ನು ಹೊತ್ತೊಯ್ಯುವ ಜೀಪುಗಳನ್ನು ಎಲ್ಲರೂ ನೋಡಿದ್ದಾರೆ. ಇಲ್ಲಿ ಅದರ ಕೆಲಸವೇ ಬೇರೆ. ಸಮತಟ್ಟಾದ ನೆಲದಲ್ಲೇ ಹೂತುಹೋಗದೆ ಇರುವುದು. ಈ ಕೆಲಸಕ್ಕೆ ಫೋಟೊ ತೆಗೆಯುವವರಿಲ್ಲ. ಆದರೆ ಮಳೆಯಾದ ಮರುದಿನ ಹೊಲಕ್ಕೆ ಗೊಬ್ಬರ ಮುಟ್ಟುವುದು, ದನಕ್ಕೆ ಮೇವು ಬರುವುದು ಇದರಿಂದಲೇ.

ಯುದ್ಧದಿಂದ ಹೊಲಕ್ಕೆ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದಲ್ಲಿ. ಅಮೆರಿಕದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳು ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದ್ದವು. 1945ರಲ್ಲಿ ಯುದ್ಧ ಮುಗಿದಾಗ ವಿಲ್ಲೀಸ್ ಅದನ್ನು ರೈತರ ಕಡೆಗೆ ತಿರುಗಿಸಿತು. ‘ಸಿಜೆ’ ಅಂದರೆ ‘ಸಿವಿಲಿಯನ್ ಜೀಪ್’. ಹಿಂದೆ ನೇಗಿಲು ಕಟ್ಟಬಹುದು, ಪಟ್ಟಾ ಹಾಕಿ ಯಂತ್ರ ತಿರುಗಿಸಬಹುದು ಎಂಬುದೇ ಅದರ ಜಾಹೀರಾತು. 1947ರ ಹೊತ್ತಿಗೆ ಅದೇ ಕಂಪನಿಯ ನಾಲ್ಕು ಗಾಲಿ ಎಳೆಯುವ ಪಿಕಪ್ ಲಾರಿಯೂ ಮಾರುಕಟ್ಟೆಗೆ ಬಂತು.

ಅದೇ 1945ರಲ್ಲಿ ಲೂಧಿಯಾನದಲ್ಲಿ ಮಹೀಂದ್ರಾ ಸಹೋದರರು ಮತ್ತು ಮಲಿಕ್ ಗುಲಾಮ್ ಮಹಮ್ಮದ್ ಸೇರಿ ಉಕ್ಕಿನ ವ್ಯಾಪಾರಕ್ಕಾಗಿ ‘ಮಹೀಂದ್ರಾ ಅಂಡ್ ಮಹಮ್ಮದ್’ ಶುರು ಮಾಡಿದ್ದರು. ದೇಶ ಇಬ್ಭಾಗವಾದಾಗ ಗುಲಾಮ್ ಮಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಮಂತ್ರಿಯಾದರು. 1948ರಲ್ಲಿ ಕಂಪನಿ ‘ಮಹೀಂದ್ರಾ ಅಂಡ್ ಮಹೀಂದ್ರಾ’ ಆಯಿತು. ಮುಂಬೈಯಲ್ಲಿ ವಿಲ್ಲೀಸ್ ಜೀಪಿನ ಜೋಡಣೆ ಶುರುವಾದದ್ದು ಆ ವರ್ಷಗಳಲ್ಲೇ. ನಮ್ಮ ಕಣ್ಣಲ್ಲಿ ‘ಜೀಪು’ ಎಂದರೆ ಮೂಡುವ ಆ ಎತ್ತರದ ಬಾನೆಟ್ಟಿನ ರೂಪ ಸಿಜೆ-3ಬಿ ಮಾದರಿಯದು. ಮೇಲ್ಗಡೆ ವಾಲ್ವ್ ಇರುವ ಹೊಸ ಎಂಜಿನ್ ಕೂರಿಸಲು ಬಾನೆಟ್ಟನ್ನು ಎತ್ತರಿಸಬೇಕಾಯಿತು, ಅಂದಕ್ಕೆ ಮಾಡಿದ್ದಲ್ಲ. ಅಮೆರಿಕದಲ್ಲಿ 1968ಕ್ಕೇ ನಿಂತ ಆ ಮಾದರಿ ನಮ್ಮಲ್ಲಿ ಆಮೇಲೂ ಎಷ್ಟೋ ವರ್ಷ ಬಂತು. ತಹಶೀಲ್ದಾರರ ಜೀಪು, ಪೊಲೀಸ್ ಜೀಪು, ನೀರಾವರಿ ಇಲಾಖೆಯ ಜೀಪು ಎಲ್ಲ ಇದೇ. ಇಲಾಖೆಯಲ್ಲಿ ಸವೆದು ಹರಾಜಿಗೆ ಬಂದವು ಊರುಗಳಿಗೆ ಸೇರಿದವು. ಹಿಂಬದಿ ಕತ್ತರಿಸಿ ಡಾಲಾ ಕೂರಿಸಿದರೆ ಅದೇ ರೈತನ ಪಿಕಪ್.

ಡೀಸೆಲ್ ಎಂಜಿನ್ ಬಂದ ಮೇಲೆ ಇದರ ಬಾಳು ಇನ್ನೂ ಗಟ್ಟಿಯಾಯಿತು. 1963ರಲ್ಲಿ ಮಹೀಂದ್ರಾ ಕಂಪನಿ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ಟ್ರ್ಯಾಕ್ಟರ್ ಕಾರ್ಖಾನೆ ತೆರೆಯಿತು. ಅಲ್ಲಿಂದ ಬಂದದ್ದು ನಮ್ಮ ಹಿರಿಯರಿಗೆಲ್ಲ ಗೊತ್ತಿರುವ ಬಿ-275. ಮುಂದೆ ಜೀಪಿಗೆ ಹಾಕಿದ 2,350 ಸಿ.ಸಿ. ಡೀಸೆಲ್ ಎಂಜಿನ್ನೂ, ಆಮೇಲಿನ 2,523 ಸಿ.ಸಿ.ಯ ‘ಡಿಐ’ ಎಂಜಿನ್ನೂ ಅದೇ ಟ್ರ್ಯಾಕ್ಟರಿನ ವಂಶದವು. ಎಂಬತ್ತರ ದಶಕದ ಎಂಎಂ 540ಗೆ ಮಾತ್ರ ಫ್ರಾನ್ಸಿನ ಪೆಜೊ ಕಂಪನಿಯ 2,112 ಸಿ.ಸಿ. ಎಂಜಿನ್, ಅದು ನುಣ್ಣಗೆ ಓಡುತ್ತದೆ, ಆದರೆ ಬೆಳಗಿನ ಚಳಿಯಲ್ಲಿ ಹೀಟರ್ ಪ್ಲಗ್ ಕಾಯದೆ ಏಳುವುದಿಲ್ಲ. ಟ್ರ್ಯಾಕ್ಟರಿನ ವಂಶವೆಂಬುದು ನಮ್ಮ ಭಾಗಕ್ಕೆ ದೊಡ್ಡ ಮಾತು. ಬಿ-275ರ ಹೆಡ್ ಬಿಚ್ಚಿ ಕೈ ಪಳಗಿದ ಮಿಸ್ತ್ರಿಗೆ ಡಿಐ ಜೀಪಿನ ಎಂಜಿನ್ ಪರಕೀಯವಲ್ಲ. ಈ ಗಾಡಿಗಳು ಇಲ್ಲಿ ಇಷ್ಟು ಕಾಲ ಉಳಿದದ್ದಕ್ಕೆ ಕಬ್ಬಿಣದ ಗಟ್ಟಿತನಕ್ಕಿಂತ ಈ ಪರಿಚಯವೇ ಹೆಚ್ಚಿನ ಕಾರಣ ಎಂದು ನಾನು ನಂಬಿದ್ದೇನೆ.

ಲಿವರ್ ಎಳೆದಾಗ

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್ ದಾಟಿದ ಮೇಲೆ ‘ಟ್ರಾನ್ಸ್‌ಫರ್ ಕೇಸ್’ ಎಂಬ ಇನ್ನೊಂದು ಪೆಟ್ಟಿಗೆಗೆ ಬರುತ್ತದೆ. ಅಲ್ಲಿಂದ ಎರಡು ಶಾಫ್ಟ್ ಹೊರಡುತ್ತವೆ, ಒಂದು ಹಿಂದಕ್ಕೆ, ಒಂದು ಮುಂದಕ್ಕೆ. ಮಾಮೂಲಿ ಓಟದಲ್ಲಿ ಹಿಂದಿನದಕ್ಕಷ್ಟೇ ಶಕ್ತಿ. ಲಿವರ್ ಎಳೆದಾಗ ಒಳಗೆ ಒಂದು ಗೇರ್ ಸರಿದು ಮುಂದಿನ ಶಾಫ್ಟನ್ನೂ ಕಚ್ಚಿಕೊಳ್ಳುತ್ತದೆ.

ಹಳೆಯ ಜೀಪುಗಳಲ್ಲಿ ಇನ್ನೊಂದು ಲಿವರೂ ಇರುತ್ತದೆ, ‘ಲೋ’ಗೆ. ಅದನ್ನು ಹಾಕಿದರೆ ಎಲ್ಲ ಗೇರುಗಳೂ ಸುಮಾರು ಎರಡೂವರೆ ಪಟ್ಟು ನಿಧಾನವಾಗುತ್ತವೆ, ಎಳೆಯುವ ಬಲ ಅಷ್ಟೇ ಪಟ್ಟು ಏರುತ್ತದೆ. ಮೂರು ಗೇರಿನ ಪೆಟ್ರೋಲ್ ಸಿಜೆ-3ಬಿಯಲ್ಲಿ ಲೆಕ್ಕ ಹಾಕಿ ನೋಡಿ: ಮೊದಲ ಗೇರು 2.8, ಲೋ 2.46, ಅಚ್ಚಿನ ಕ್ರೌನ್ ಪಿನಿಯನ್ 5.38. ಗುಣಿಸಿದರೆ ಹತ್ತಿರ ಹತ್ತಿರ 37. ಎಂಜಿನ್ 37 ಸುತ್ತು ತಿರುಗಿದಾಗ ಗಾಲಿ ಒಂದು ಸುತ್ತು. ರಾಡಿಯಲ್ಲಿ ಆ ಗಾಡಿ ಎತ್ತಿನಂತೆ ನಡೆಯುವುದರ ಗುಟ್ಟು ಇಷ್ಟೇ.

ಎರಡು ಸಂಗತಿ ಬಹಳ ಜನರಿಗೆ ಗೊತ್ತಿಲ್ಲ. ಒಂದು, ಒಣ ಡಾಂಬರು ರಸ್ತೆಯಲ್ಲಿ ಈ ಲಿವರ್ ಹಾಕಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದಾರಿ ಸವೆಸುತ್ತವೆ. ಮಣ್ಣಿನಲ್ಲಿ ಗಾಲಿ ಜಾರಿ ಆ ವ್ಯತ್ಯಾಸ ಕಳೆದುಹೋಗುತ್ತದೆ. ಡಾಂಬರಿನಲ್ಲಿ ಜಾರಲು ಎಡೆಯಿಲ್ಲ, ಎಲ್ಲ ಬಿಗಿತವೂ ಗೇರಿನ ಹಲ್ಲುಗಳ ಮೇಲೆ. ಆಮೇಲೆ ಲಿವರ್ ಬಿಡಿಸಲು ಹೋದರೆ ಸಿಕ್ಕಿಕೊಂಡಿರುತ್ತದೆ. ನೆಟ್ಟಗೆ ನಾಲ್ಕು ಮಾರು ರಿವರ್ಸ್ ತೆಗೆದುಕೊಂಡರೆ ಸಡಿಲವಾಗುತ್ತದೆ, ಸುತ್ತಿಗೆಯಿಂದ ಹೊಡೆಯುವುದು ಬೇಡ.

ಇನ್ನೊಂದು, ‘ಫೋರ್ ವೀಲ್’ ಇದ್ದರೂ ನಾಲ್ಕೂ ಗಾಲಿಗೆ ಸದಾ ಸಮಬಲ ಸಿಗುತ್ತದೆ ಎಂದಲ್ಲ. ಮುಂದಿನ ಒಂದು ಗಾಲಿ, ಹಿಂದಿನ ಇನ್ನೊಂದು ಬದಿಯ ಗಾಲಿ ಏಕಕಾಲಕ್ಕೆ ಗಾಳಿಯಲ್ಲಿ ತೇಲಿದರೆ ಆ ಎರಡೇ ತಿರುಗುತ್ತ ಗಾಡಿ ನಿಂತುಬಿಡುತ್ತದೆ. ಹೊಲದ ಬದುವನ್ನು ಓರೆಯಾಗಿ ಹತ್ತಿಸುವವರು ಸಿಕ್ಕಿಬೀಳುವುದು ಹೀಗೇ.

ಬಿಚ್ಚಿಟ್ಟ ಶಾಫ್ಟ್

ಹಳೆಯ ಗಾಡಿ ಕೊಳ್ಳಲು ಹೋದವರು ಮೊದಲು ಕೆಳಗೆ ಬಗ್ಗಿ ನೋಡಬೇಕು. ಲಿವರ್ ಇರುತ್ತದೆ, ಅಲ್ಲಾಡುತ್ತದೆ, ಆದರೆ ಮುಂದಿನ ಶಾಫ್ಟೇ ಇರುವುದಿಲ್ಲ.

“ಮುಂದಿನ ಶಾಫ್ಟ್ ಎಲ್ಲಿ ಐತ್ರಿ ಕಾಕಾ?”

“ಅದನ್ನ ಬಿಚ್ಚಿ ಭಾಳ ವರ್ಷ ಆತಪಾ. ಡೀಸೆಲ್ ತಿಂತಿತ್ತು.”

ಈ ಮಾತಿನಲ್ಲಿ ಸುಳ್ಳಿಲ್ಲ. ಲಿವರ್ ಹಾಕದಿದ್ದರೂ ಮುಂದಿನ ಗಾಲಿಗಳು ಉರುಳುವಾಗ ಒಳಗಿನ ಅಚ್ಚು, ಕ್ರೌನ್, ಶಾಫ್ಟ್ ಎಲ್ಲವನ್ನೂ ತಿರುಗಿಸುತ್ತಲೇ ಇರುತ್ತವೆ. ಊರಿಂದೂರಿಗೆ ಬಾಡಿಗೆ ಹೊಡೆಯುವ ಕಾಲದಲ್ಲಿ ಆ ಭಾರ ಯಾರಿಗೂ ಬೇಡವಾಗಿತ್ತು. ಶಾಫ್ಟಿನ ಕೀಲಿನ ಕ್ರಾಸ್ ಸವೆದು ಸದ್ದು ಬಂದಾಗ ಹೊಸದು ಹಾಕುವ ಬದಲು ಶಾಫ್ಟನ್ನೇ ಬಿಚ್ಚಿ ಅಟ್ಟಕ್ಕೆ ಎಸೆದರು. ಎಷ್ಟೋ ಕಡೆ ಅದು ಗುಜರಿಗೆ ಹೋಯಿತು. ಕಂಪನಿಯೇ ಎರಡು ಗಾಲಿ ಎಳೆಯುವ ಮಾದರಿಗಳನ್ನೂ ಮಾರುತ್ತಿತ್ತಾದ್ದರಿಂದ ಕೆಲವು ಗಾಡಿಗಳಿಗೆ ಮುಂದಿನ ಶಾಫ್ಟ್ ಹುಟ್ಟಿನಿಂದಲೇ ಇಲ್ಲ. ಮುಂದಿನ ಅಚ್ಚಿನ ನಡುವೆ ಗುಂಡನೆಯ ಡಬ್ಬಿ ಇದೆಯೇ ಎಂದು ನೋಡಿದರೆ ತಿಳಿಯುತ್ತದೆ. ಅದು ಇಲ್ಲದೆ ಬರೀ ಕೊಳವೆಯೋ ತೊಲೆಯೋ ಇದ್ದರೆ ಆ ಗಾಡಿ ಫೋರ್ ವೀಲ್ ಅಲ್ಲ.

ಶಾಫ್ಟ್ ಹುಡುಕಿ ತಂದು ಜೋಡಿಸಿಬಿಟ್ಟರೆ ಕೆಲಸ ಮುಗಿಯಿತು ಎಂದುಕೊಳ್ಳುವುದರಲ್ಲಿ ದೊಡ್ಡ ಅಪಾಯವಿದೆ. ಈ ನಡುವೆ ಯಾರೋ ಹಿಂದಿನ ಅಚ್ಚಿನ ಹೌಸಿಂಗ್ ಬದಲಿಸಿರಬಹುದು. ಹಿಂದಿನ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಮುಂದಿನದರಲ್ಲಿ 43ಕ್ಕೆ 8 ಎಂದಿಟ್ಟುಕೊಳ್ಳಿ. ಎರಡರ ಲೆಕ್ಕ ಬೇರೆ. ಲಿವರ್ ಎಳೆದ ಕ್ಷಣದಿಂದ ಮುಂದಿನ ಅಚ್ಚು ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು. ಟ್ರಾನ್ಸ್‌ಫರ್ ಕೇಸ್ ಒಡೆಯಲು ಬಹಳ ದಿನ ಬೇಕಾಗುವುದಿಲ್ಲ. ಪರೀಕ್ಷೆ ಸುಲಭ: ಮುಂದಿನ ಎರಡೂ ಗಾಲಿ ಎತ್ತಿ ನಿಲ್ಲಿಸಿ, ಎರಡನ್ನೂ ಕೂಡಿಯೇ ಪೂರ್ತಿ ಒಂದು ಸುತ್ತು ತಿರುಗಿಸಿ ಶಾಫ್ಟ್ ಎಷ್ಟು ಸುತ್ತಿತು ಎಂದು ಎಣಿಸಬೇಕು. ಹಿಂದೆಯೂ ಹಾಗೆಯೇ. ಸೀಮೆಸುಣ್ಣದ ಒಂದು ಗೆರೆ, ಹಿಡಿಯಲು ಇಬ್ಬರು, ಅರ್ಧ ತಾಸು ಇದ್ದರಾಯಿತು. ಇಷ್ಟು ಮಾಡದೆ ಗಾಡಿ ಕೊಳ್ಳಬೇಡಿ ಎಂದೇ ನಾನು ಹೇಳುತ್ತೇನೆ.

ಬಣ್ಣ ಕೊನೆಗೆ

ಹಳೆ ಗಾಡಿ ತಂದ ಹುಡುಗರು ಮೊದಲು ಮಾಡಿಸುವುದು ಬಣ್ಣ, ದಪ್ಪ ಟಯರು, ಮುಂದೊಂದು ಕಬ್ಬಿಣದ ಗಾರ್ಡು. ಕ್ರಮ ತಿರುಗುಮುರುಗು ಆಗಬೇಕು.

ಮೊದಲು ಚಾಸಿ. ಪಾಟಾ (ಸ್ಪ್ರಿಂಗ್ ಪಟ್ಟಿ) ಹಿಡಿಯುವ ಹ್ಯಾಂಗರುಗಳ ಬುಡದಲ್ಲಿ, ಸ್ಟೇರಿಂಗ್ ಬಾಕ್ಸ್ ಕೂತ ಜಾಗದಲ್ಲಿ ಬಿರುಕು ಹುಡುಕಬೇಕು. ತಂತಿ ಬ್ರಶ್ಶಿನಿಂದ ಉಜ್ಜಿ ಸೀಮೆಎಣ್ಣೆ ಸವರಿ ಒರೆಸಿದರೆ, ಕೂದಲೆಳೆಯ ಬಿರುಕಾದರೂ ಎಣ್ಣೆ ಜಿನುಗಿ ಗೆರೆಯಾಗಿ ಕಾಣುತ್ತದೆ. ಬಿರುಕಿನ ಮೇಲೆ ಸುಮ್ಮನೆ ವೆಲ್ಡಿಂಗ್ ಎಳೆದರೆ ಸಾಲದು. ಅದರ ತುದಿಗೆ ಸಣ್ಣ ತೂತು ಕೊರೆದು ಬಿರುಕು ಮುಂದೆ ಓಡದಂತೆ ನಿಲ್ಲಿಸಿ, ಆಮೇಲೆ ತುಂಬಿ, ಒಳಬದಿಗೆ ಪಟ್ಟಿ ಕೊಡಬೇಕು.

ಆಮೇಲೆ ಬ್ರೇಕ್. ಹಳೆಯ ಜೀಪಿನ ಬ್ರೇಕ್ ಮಾಸ್ಟರ್ ಸಿಲಿಂಡರ್ ಕಾಲಡಿಯ ತಗಡಿನ ಕೆಳಗೆ, ರಾಡಿ ಸಿಡಿಯುವ ಜಾಗದಲ್ಲೇ ಇರುತ್ತದೆ. ನಾಲ್ಕೂ ಗಾಲಿಗೆ ಒಂದೇ ಸರ್ಕ್ಯೂಟ್. ಎಲ್ಲಾದರೂ ಒಂದು ಪೈಪು ಒಡೆದರೆ ನಾಲ್ಕೂ ಬ್ರೇಕ್ ಹೋದಂತೆ. ಆದ್ದರಿಂದ ಪೈಪು, ರಬ್ಬರ್ ಹೋಸು, ಗಾಲಿ ಸಿಲಿಂಡರಿನ ಕಿಟ್ ಎಲ್ಲವನ್ನೂ ಒಟ್ಟಿಗೆ ಹೊಸದು ಹಾಕುವುದೇ ಸರಿ. ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್ ಕೂರಿಸಬಲ್ಲ ಮಿಸ್ತ್ರಿ ಸಿಕ್ಕರೆ ಅದಕ್ಕೆ ಕೊಡುವ ದುಡ್ಡು ವ್ಯರ್ಥವಲ್ಲ. ಹ್ಯಾಂಡ್‌ಬ್ರೇಕನ್ನು ಕಲ್ಲಿಗೆ ವಹಿಸಿಬಿಡುವ ರೂಢಿ ನಮ್ಮಲ್ಲಿದೆ. ಗುಡ್ಡದ ದಾರಿಯಲ್ಲಿ ಆ ರೂಢಿ ಜೀವಕ್ಕೆ ಎರವಾಗುತ್ತದೆ.

ಎಂಜಿನ್ ಮೂರನೆಯ ಮಾತು. ಹೊಗೆ ಕರಿದೋ ನೀಲಿಯೋ ನೋಡಿ. ಕರಿ ಹೊಗೆ ಬಂದರೆ ನೋಝಲ್, ಪಂಪು, ಫಿಲ್ಟರು. ನೀಲಿ ಹೊಗೆ ಬಂದರೆ ಪಿಸ್ಟನ್ ರಿಂಗು, ಲೈನರು, ಅಂದರೆ ದೊಡ್ಡ ಖರ್ಚು.

ಗುಂಡಿನೊಳಗಿನ ರಾಡಿ

ಗ್ಯಾರೇಜಿನಲ್ಲಿ ನಿಂತು ನೋಡಬೇಕಾದ ಕೆಲಸವೊಂದಿದ್ದರೆ ಅದು ಮುಂದಿನ ಗಾಲಿಯನ್ನು ಅಚ್ಚಿಗೆ ಸೇರಿಸುವ ಕೀಲು, ಅಂದರೆ ನಕಲ್ ಬಿಚ್ಚುವುದು. ಮುಂದಿನ ಗಾಲಿ ಎಡಕ್ಕೆ ಬಲಕ್ಕೆ ತಿರುಗಬೇಕು, ಜೊತೆಗೇ ಎಂಜಿನ್ನಿನ ಶಕ್ತಿಯಿಂದ ಉರುಳಲೂ ಬೇಕು. ಈ ಎರಡೂ ನಡೆಯುವುದು ಅಚ್ಚಿನ ತುದಿಯಲ್ಲಿ ತೆಂಗಿನಕಾಯಿಯಷ್ಟು ದೊಡ್ಡ ಒಂದು ಕಬ್ಬಿಣದ ಗುಂಡಿನೊಳಗೆ. ಗುಂಡಿನ ಸುತ್ತ ಎರಡು ಅರೆವೃತ್ತದ ಫೆಲ್ಟ್ ಪಟ್ಟಿ. ಗಾಲಿ ತಿರುಗಿದಂತೆಲ್ಲ ಅದು ಗುಂಡನ್ನು ಒರೆಸುತ್ತ ಒಳಗಿನ ಎಣ್ಣೆ ಹೊರಬಾರದಂತೆ, ಹೊರಗಿನ ರಾಡಿ ಒಳಹೋಗದಂತೆ ಕಾಯುತ್ತದೆ.

ವರ್ಷಗಟ್ಟಲೆ ಯಾರೂ ಮುಟ್ಟದ ಗುಂಡನ್ನು ಬಿಚ್ಚಿದಾಗ ಮೊದಲು ಬರುವುದು ವಾಸನೆ. ಹಳಸಿದ ಗೇರ್ ಆಯಿಲ್, ನೀರು, ಎರೆ ಮಣ್ಣು ಕೂಡಿ ಆದ ಬೂದು ಬಣ್ಣದ ಗಸಿ. ಮಿಸ್ತ್ರಿ ಅದನ್ನು ಬೆರಳಿನಲ್ಲಿ ತೆಗೆದು ಹೆಬ್ಬೆರಳಿಗೆ ಉಜ್ಜಿ ನೋಡುತ್ತಾನೆ. ಹರಳು ಹರಳಾಗಿ ಸಿಕ್ಕರೆ ಬೇರಿಂಗ್ ಚೂರಾಗಿದೆ. ಡೀಸೆಲಿನಲ್ಲಿ ತೊಳೆದ ಮೇಲೆ ಗುಂಡಿನ ಮೈ ಕಾಣುತ್ತದೆ. ತುಕ್ಕಿನ ಕುಳಿ ಬಿದ್ದಿದ್ದರೆ ಹೊಸ ಫೆಲ್ಟ್ ಹಾಕಿದರೂ ನಾಲ್ಕು ತಿಂಗಳಲ್ಲಿ ಹರಿಯುತ್ತದೆ. ನಯವಾದ ಮರಳುಕಾಗದದಲ್ಲಿ ತಿಕ್ಕಿ ಮೈ ಸಮ ಮಾಡಬೇಕು.

ಗುಂಡಿನ ಮೇಲೂ ಕೆಳಗೂ ಕಿಂಗ್‌ಪಿನ್ ಬೇರಿಂಗ್. ಅವುಗಳ ಮುಚ್ಚಳದ ಕೆಳಗೆ ಕಾಗದದಷ್ಟು ತೆಳ್ಳಗಿನ ಶಿಮ್‌ಗಳು. ಇಲ್ಲಿದೆ ಇಡೀ ಕೆಲಸದ ಕಸಬು. ಶಿಮ್ ಹೆಚ್ಚಾದರೆ ಗಾಲಿ ಸಡಿಲ. ನಲವತ್ತು–ಐವತ್ತರ ವೇಗದಲ್ಲಿ ಒಂದು ಗುಂಡಿ ಹಾರಿಸಿದರೆ ಸಾಕು, ಸ್ಟೇರಿಂಗ್ ಕೈಗೆ ಸಿಗದ ಹಾಗೆ ಒದರಾಡತೊಡಗುತ್ತದೆ. ಶಿಮ್ ಕಡಿಮೆಯಾದರೆ ಬಿಗಿ. ತಿರುವು ಮುಗಿದರೂ ಸ್ಟೇರಿಂಗ್ ತಾನಾಗಿ ವಾಪಸ್ಸು ಬರುವುದಿಲ್ಲ. ಸರಿಯಾದ ಬಿಗಿ ನೋಡಲು ಆಯಿಲ್ ಸೀಲು, ಫೆಲ್ಟ್ ಹಾಕುವ ಮುಂಚೆ ನಕಲ್‌ನ ತೋಳಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುತ್ತಾರೆ. ಎಷ್ಟು ಭಾರಕ್ಕೆ ಅದು ಕದಲುತ್ತದೆ ಎಂಬುದೇ ಅಳತೆ. ಪಳಗಿದ ಕೈಯವರು ತಕ್ಕಡಿ ಇಲ್ಲದೆ, ಬರೀ ಕೈಯಲ್ಲಿ ತಳ್ಳಿ, “ಇನ್ನೊಂದ ತೆಳ್ಳಂದ ತಗೀಪಾ” ಎನ್ನುತ್ತಾರೆ. ಆ ಕೈಯ ಅಂದಾಜನ್ನು ನಾನು ಗೌರವಿಸುತ್ತೇನೆ. ಆದರೂ ತಕ್ಕಡಿ ಇರಲಿ, ಕಲಿಯುವ ಹುಡುಗನಿಗೆ ಹೇಳಿಕೊಡಲು ಅದೇ ದಾರಿ.

ಒಳಗಿನ ಸೀಲು ಹೋದರೆ ಇನ್ನೊಂದು ಕೆಡುಕು. ಅಚ್ಚಿನ ಎಣ್ಣೆ ಸೋರಿ ಬ್ರೇಕ್ ಲೈನರಿಗೆ ಬರುತ್ತದೆ, ಗಾಡಿ ಬ್ರೇಕ್ ಹಾಕಿದಾಗ ಒಂದು ಬದಿಗೆ ಎಳೆಯುತ್ತದೆ. ಹೊರಗಿನಿಂದ ನೋಡಿದವರು ಬ್ರೇಕನ್ನೇ ಮತ್ತೆ ಮತ್ತೆ ಬಿಗಿ ಮಾಡಿಸುತ್ತಾರೆ. ರೋಗ ಒಂದು ಸಣ್ಣ ಸೀಲಿನಲ್ಲಿರಬಹುದು.

ಲೇತ್ ಹತ್ತಿರವಿದ್ದ ಪುಣ್ಯ

ಹಳೆಯ ಗಾಡಿ ಉಳಿಯುವುದು ಬಿಡಿಭಾಗ ಸಿಗುವ ಕಡೆ. ಈ ವಿಷಯದಲ್ಲಿ ನಮ್ಮ ಮೂರು ತಾಲೂಕುಗಳಿಗೆ ಇರುವ ಅನುಕೂಲ ದೊಡ್ಡದು. ಒಂದು ಕಡೆ ಬೆಳಗಾವಿಯ ಉದ್ಯಮಬಾಗ, ಇನ್ನೊಂದು ಕಡೆ ಸಂಕೇಶ್ವರ ದಾಟಿ ಹೆದ್ದಾರಿ ಹಿಡಿದರೆ ಕೊಲ್ಲಾಪುರದ ಶಿವಾಜಿ ಉದ್ಯಮನಗರ. ಎರಡೂ ಫೌಂಡ್ರಿ, ಲೇತ್, ಗ್ರೈಂಡಿಂಗಿನ ಊರುಗಳು. ಬ್ಲಾಕ್ ಬೋರ್ ಮಾಡಿಸುವುದು, ಕ್ರ್ಯಾಂಕ್ ಗ್ರೈಂಡಿಂಗ್, ಸವೆದ ಶಾಫ್ಟಿಗೆ ಮೆಟಲ್ ತುಂಬಿ ಮತ್ತೆ ಅಳತೆಗೆ ತರುವುದು, ಎಲ್ಲೂ ಸಿಗದ ಬುಶ್ ಒಂದನ್ನು ಹಳೆಯದನ್ನೇ ಮಾದರಿ ಇಟ್ಟು ತಿರುವುವುದು ಇಲ್ಲಿ ದಿನನಿತ್ಯದ ಕೆಲಸ. ಸಕ್ಕರೆ ಕಾರ್ಖಾನೆ, ನೀರೆತ್ತುವ ಪಂಪು, ಟ್ರೇಲರ್ ತಯಾರಿ ಇವೆಲ್ಲ ಸುತ್ತಮುತ್ತ ಇರುವುದರಿಂದ ಊರಲ್ಲೂ ಒಳ್ಳೆಯ ವೆಲ್ಡರುಗಳಿದ್ದಾರೆ.

ಸೈನ್ಯದ ಹರಾಜಿನಲ್ಲಿ ಸಿಗುವ ಜೊಂಗಾ ಮೇಲೂ ಕೆಲವರಿಗೆ ಕಣ್ಣಿದೆ. ನಿಸಾನ್ ಕಂಪನಿಯ ವಿನ್ಯಾಸದಂತೆ ಜಬಲ್ಪುರದ ಸೇನಾ ಕಾರ್ಖಾನೆ ಕಟ್ಟಿದ ಗಾಡಿ ಅದು. ಗಟ್ಟಿಮುಟ್ಟು, ಹೊಲದ ರಾಡಿಗೆ ಹೇಳಿ ಮಾಡಿಸಿದ್ದು. ಆದರೆ ಮೂಲ ಎಂಜಿನ್ ಹತ್ತಿರ ನಾಲ್ಕು ಲೀಟರಿನ ಆರು ಸಿಲಿಂಡರ್ ಪೆಟ್ರೋಲು. ರೈತನ ಗಾಡಿಯಾಗಲು ಅದಕ್ಕೆ ಎಂಜಿನ್ ಬದಲಿಸಲೇಬೇಕು, ಅಲ್ಲಿಂದ ಕಾಗದಪತ್ರದ ತೊಡಕು ಶುರು. ಹೊಲದ ಕೆಲಸಕ್ಕೆ ಕೇಳಿದರೆ ಡಿಐ ಎಂಜಿನ್ನಿನ ಮಹೀಂದ್ರಾ, ಇಲ್ಲವೇ ಬೊಲೆರೊ ಕ್ಯಾಂಪರಿನ ಫೋರ್ ವೀಲ್ ಮಾದರಿಯನ್ನೇ ನಾನು ಹೇಳುತ್ತೇನೆ.

ಓಡಿಸುವ ಕೈ

ಹಳೆ ಜೀಪಿನ ಎಡಬಲ ಗಾಲಿಗಳ ನಡುವಿನ ಅಂತರ ನಾಲ್ಕು ಅಡಿಗಿಂತ ಸ್ವಲ್ಪವೇ ಹೆಚ್ಚು, ಮೈ ಮಾತ್ರ ಎತ್ತರ. ಡಾಲಾದಲ್ಲಿ ಮೇವು ಎತ್ತರಕ್ಕೆ ಹೇರಿ ತಿರುವಿನಲ್ಲಿ ವೇಗ ಬಿಡದಿದ್ದರೆ ಮಗುಚುತ್ತದೆ. ಬದುವಿಗೆ ನೇರವಾಗಿ ಎದುರಾಗಬೇಕು, ಓರೆಯಾಗಿ ಅಲ್ಲ. ಸ್ಟೇರಿಂಗ್ ಹಿಡಿದಾಗ ಹೆಬ್ಬೆರಳು ಒಳಗೆ ಸುತ್ತಿರಬಾರದು. ಮುಂದಿನ ಗಾಲಿ ಕಲ್ಲಿಗೆ ಬಡಿದಾಗ ಸ್ಟೇರಿಂಗ್ ರಪ್ಪನೆ ತಿರುಗಿ ಬೆರಳು ಮುರಿಯುತ್ತದೆ. ಇಳಿಜಾರಿನಲ್ಲಿ ಲೋ ಹಾಕಿ, ಮೊದಲ ಗೇರಿನಲ್ಲಿ ಬಿಟ್ಟು, ಕ್ಲಚ್ಚಿನ ಮೇಲಿಂದ ಕಾಲು ತೆಗೆದುಬಿಡಬೇಕು. ಗಾಡಿಯನ್ನು ಎಂಜಿನ್ನೇ ಹಿಡಿದುಕೊಳ್ಳುತ್ತದೆ.

ರಾಡಿಯಲ್ಲಿ ಲಿವರನ್ನು ಸಿಕ್ಕಿಬಿದ್ದ ಮೇಲೆ ಹಾಕುವುದಲ್ಲ, ಇಳಿಯುವ ಮುಂಚೆ ಹಾಕುವುದು. ಒಮ್ಮೆ ಹೊರಟ ಮೇಲೆ ಒಂದೇ ಹದದ ವೇಗ. ಗಾಲಿ ಜಾರತೊಡಗಿದರೆ ಆಕ್ಸಲರೇಟರ್ ಕಡಿಮೆ ಮಾಡಬೇಕು, ಹೆಚ್ಚಲ್ಲ. ಡಾಲಾದಲ್ಲಿ ಆಳುಗಳನ್ನು ಕೂರಿಸುವ ರೂಢಿಯ ಬಗ್ಗೆ ಒಂದೇ ಮಾತು: ಸರಕಿನ ಗಾಡಿಯಲ್ಲಿ ಜನರನ್ನು ಸಾಗಿಸುವುದಕ್ಕೆ ಕಾನೂನಿನ ಒಪ್ಪಿಗೆಯಿಲ್ಲ, ಅಪಘಾತವಾದರೆ ವಿಮೆಯವರು ತಕರಾರು ಎತ್ತುತ್ತಾರೆ, ಬೀದಿಗೆ ಬೀಳುವುದು ದುಡಿಯಲು ಬಂದವರ ಸಂಸಾರ.

ಹೊಳೆ ತುಂಬಿದಾಗಲೂ ಈ ಗಾಡಿಗಳ ಮೇಲೆ ಅತಿ ಭರವಸೆ ಬೇಡ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೆ ನುಗ್ಗಿದ್ದನ್ನು, ಲೋಳಸೂರ ಸೇತುವೆ ಮುಳುಗಿದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಿಂತ ನೀರು ಬೇರೆ, ಹರಿಯುವ ನೀರು ಬೇರೆ. ನಾಲ್ಕು ಗಾಲಿ ಎಳೆದರೂ ನೆಲದಿಂದ ಗಾಲಿಯನ್ನೇ ಎತ್ತುವ ಹರಿವಿನ ಮುಂದೆ ಅದು ತಗಡಿನ ಡಬ್ಬಿ. ಮೊಣಕಾಲು ಮಟ್ಟದ ರಭಸದ ನೀರು ಸೇತುವೆಯ ಮೇಲೆ ಹರಿಯುತ್ತಿದ್ದರೆ ಯಾವ ಜೀಪನ್ನೂ ಇಳಿಸಬಾರದು. ಹೊಲದಲ್ಲಿ ನಿಂತ ನೀರು ದಾಟಿದ ಮೇಲೆ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಓಡಿಸಿ ಡ್ರಮ್ ಒಣಗಿಸಿಕೊಳ್ಳಬೇಕು. ಗೇರ್‌ಬಾಕ್ಸ್, ಅಚ್ಚುಗಳ ಎಣ್ಣೆಯನ್ನು ಆ ವಾರವೇ ನೋಡಬೇಕು. ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ, ಬದಲಿಸಲೇಬೇಕು.

ಆರ್‌ಸಿ ಮತ್ತು ಅಳತೆ ಪುಸ್ತಕ

ಎಷ್ಟೋ ಒಳ್ಳೆಯ ಗಾಡಿಗಳು ಹಾಳಾಗುವುದು ತುಕ್ಕಿನಿಂದಲ್ಲ, ಕಾಗದದಿಂದ. ಬಿಳಿ ಫಲಕದ ಖಾಸಗಿ ಗಾಡಿಗೆ ನೋಂದಣಿ 15 ವರ್ಷ. ಆಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 20 ವರ್ಷ ದಾಟಿದ ಲಘು ವಾಹನಗಳಿಗೆ 2025ರಲ್ಲಿ 10,000ಕ್ಕೆ ಏರಿತು. ಹಳದಿ ಫಲಕದ ಸರಕು ಗಾಡಿಗಾದರೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಪ್ರಮಾಣಪತ್ರ). ದೆಹಲಿಯಲ್ಲಿ ತಂದಂಥ ಹತ್ತು ವರ್ಷದ ಡೀಸೆಲ್ ನಿಷೇಧ ನಮ್ಮಲ್ಲಿಲ್ಲ.

ಗಡಿಯ ಆಚೆಯಿಂದ ಎಂಎಚ್-09, ಎಂಎಚ್-10 ಫಲಕದ ಗಾಡಿಗಳು ಅಗ್ಗಕ್ಕೆ ಬರುತ್ತವೆ. ಅವಕ್ಕೆ ಅಲ್ಲಿನ ಆರ್‌ಟಿಒ ಎನ್‌ಒಸಿ ಬೇಕು. ಹನ್ನೆರಡು ತಿಂಗಳು ಮೀರಿ ಇಲ್ಲೇ ಇಟ್ಟುಕೊಂಡರೆ ಕರ್ನಾಟಕದ ತೆರಿಗೆ ಕಟ್ಟಿ ಇಲ್ಲಿನ ಸಂಖ್ಯೆ ಪಡೆಯಬೇಕು, ಗೋಕಾಕದ್ದಾದರೆ ಕೆಎ-49. ಕೊಳ್ಳುವ ಮುಂಚೆ ಚಾಸಿ ನಂಬರನ್ನು ಪೆನ್ಸಿಲ್ ಅಚ್ಚು ತೆಗೆದು ಆರ್‌ಸಿ ಜೊತೆ ಹೋಲಿಸಿ. ಆರ್‌ಸಿಯಲ್ಲಿ ಪೆಟ್ರೋಲ್ ಎಂದಿದ್ದು ಬಾನೆಟ್ ಕೆಳಗೆ ಡೀಸೆಲ್ ಇದ್ದರೆ, ಜೀಪ್ ಎಂದಿದ್ದು ಹಿಂದೆ ಡಾಲಾ ಇದ್ದರೆ, ಮುಂಚಿತ ಅನುಮತಿ ಪತ್ರ ಕೇಳಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಈ ವಿಷಯದಲ್ಲಿ ಕಟ್ಟುನಿಟ್ಟು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ತಯಾರಕರ ಮೂಲ ವಿವರಕ್ಕೆ ವಿರುದ್ಧವಾದ ಬದಲಾವಣೆ ಸಲ್ಲದು ಎಂದಿದೆ. ಐವತ್ತು ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಜೀಪಿಗೆ 2021ರ ನಿಯಮದಂತೆ ‘ವಿಂಟೇಜ್’ ನೋಂದಣಿ ಸಿಗುತ್ತದೆ. ಆದರೆ ಆ ಫಲಕ ಹಾಕಿಕೊಂಡು ಬಾಡಿಗೆ ಹೊಡೆಯುವಂತಿಲ್ಲ.

ಇನ್ನೊಂದು ಕಾಗದವನ್ನು ಯಾವ ಕಚೇರಿಯೂ ಕೇಳುವುದಿಲ್ಲ, ಆದರೂ ಇಟ್ಟುಕೊಳ್ಳಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್. ಮುಂದಿನ ಹಿಂದಿನ ಕ್ರೌನಿಗೆ ಎಷ್ಟು ಹಲ್ಲು, ಎಡ ಬಲ ಕಿಂಗ್‌ಪಿನ್ನಿಗೆ ಎಷ್ಟು ಶಿಮ್, ಕ್ರ್ಯಾಂಕ್ ಯಾವ ಸೈಜಿಗೆ ಗ್ರೈಂಡ್ ಆಗಿದೆ, ಯಾವ ಬೇರಿಂಗ್ ನಂಬರು ಹೊಂದಿತು, ಎಣ್ಣೆ ಬದಲಿಸಿದ ತಾರೀಖು ಎಲ್ಲವನ್ನೂ ಅದರಲ್ಲಿ ಬರೆದಿಡಿ. ಶಿಮ್ ಜೋಡಿಸಬಲ್ಲ ಹಿರಿಯ ಮಿಸ್ತ್ರಿಗಳು ಒಬ್ಬೊಬ್ಬರಾಗಿ ಗ್ಯಾರೇಜು ಮುಚ್ಚುತ್ತಿದ್ದಾರೆ; ಅವರ ಬಳಿ ಕಲಿತ ಹುಡುಗರು ಶೋರೂಮಿನ ಸರ್ವಿಸ್ ಸೆಂಟರಿಗೆ ಹೋಗಿ ಕಂಪ್ಯೂಟರ್ ಹಚ್ಚಿ ದೋಷ ಓದುವ ಕೆಲಸ ಹಿಡಿದಿದ್ದಾರೆ. ಮುಂದೆ ಈ ಗಾಡಿಯ ಕೆಳಗೆ ಮಲಗುವವನಿಗೆ ಇದನ್ನೆಲ್ಲ ಮೊದಲಿಂದ ಹುಡುಕುವ ತಾಪತ್ರಯ ಇರಬಾರದು. ನೋಟ್‌ಬುಕ್ಕಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ ಸೀಟಿನ ಕೆಳಗೆ, ಪಾನಾಗಳ ಚೀಲದ ಜೊತೆಗೇ ಇಡಿ.